ಒಬ್ಬನೇ ಸಾಕ್ಷಿ ಸಾಕು

ನಿನ್ನ ಮನೆಯಲ್ಲಿ ನಾಯಿ ಇದೆಯೇ ಎಂಬ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಇದೆ, ಬಲು ಪೋಕರಿ ನಾಯಿ ಎನ್ನುತ್ತಾನೆ ಕ್ಟೆಸಿಪ್ಪಸ್ ಎಂಬ ಯುವಕ. ಅದಕ್ಕೆ ಮರಿಗಳಿವೆ ಎಂದೂ ಒಪ್ಪುತ್ತಾನೆ, ಮರಿಗಳಿಗೆ ಅದೇ ಅಪ್ಪ ಎಂದೂ ಒಪ್ಪುತ್ತಾನೆ, ಆ ನಾಯಿ ತನ್ನದೇ ಎಂದೂ ಒಪ್ಪುತ್ತಾನೆ. ಒಪ್ಪದೆ ಏನು ಮಾಡಿಯಾನು, ಎಲ್ಲವೂ ನಿಜವೇ. ಆಗ ಎದುರಿಗಿದ್ದ ಮುದುಕ ಬಲೆ ಎಳೆಯುತ್ತಾನೆ. ಅದು ಅಪ್ಪನೂ ಹೌದು, ನಿನ್ನದೂ ಹೌದು. ಅಂದ ಮೇಲೆ ಅದು ನಿನ್ನ ಅಪ್ಪ, ಮರಿಗಳು ನಿನ್ನ ಒಡಹುಟ್ಟಿದವರು. ಹುಡುಗ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ: ಆ ನಾಯಿಗೆ ನೀನು ಹೊಡೆಯುತ್ತೀಯೋ? ಹೊಡೆಯುತ್ತೇನೆ, ನಿನಗೆ ಹೊಡೆಯುವಂತಿಲ್ಲವಲ್ಲ ಎಂದು ಕ್ಟೆಸಿಪ್ಪಸ್ ನಗುತ್ತಾನೆ. ಹಾಗಾದರೆ ಹೆತ್ತಪ್ಪನ ಮೇಲೇ ಕೈ ಮಾಡುವವನು ನೀನು ಎಂದು ತೀರ್ಪಾಗುತ್ತದೆ.

ಪ್ಲೇಟೊ ಬರೆದ ‘ಯೂಥಿಡೀಮಸ್’ ಎಂಬ ಸಂವಾದದಲ್ಲಿ ಬರುವ ಪ್ರಸಂಗವಿದು. ಇದರಲ್ಲಿ ಎಲ್ಲೋ ಮೋಸವಿದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೊರಟರೆ ದೊಡ್ಡವರೂ ತಡವರಿಸುತ್ತಾರೆ. ಆ ತಡವರಿಕೆಯೇ ಈ ಮುದುಕರ ಬಂಡವಾಳ.

ಮುದುಕರು ಇಬ್ಬರು, ಯೂಥಿಡೀಮಸ್ ಮತ್ತು ಡಯೊನಿಸೊಡೋರಸ್ ಎಂಬ ಅಣ್ಣತಮ್ಮಂದಿರು. ಮೂಲದಲ್ಲಿ ಕಿಯಾಸ್ ದ್ವೀಪದವರು. ದಕ್ಷಿಣ ಇಟಲಿಯ ಥೂರಿಯೈ ಎಂಬ ಗ್ರೀಕ್ ವಸಾಹತಿಗೆ ಹೋಗಿ ನೆಲೆಸಿ, ಅಲ್ಲಿಂದಲೂ ಓಡಬೇಕಾಗಿ ಬಂದು, ಹಲವು ವರ್ಷಗಳಿಂದ ಅಥೆನ್ಸಿನ ಸುತ್ತಮುತ್ತ ಇದ್ದವರು. ಮೊದಲು ಅವರು ಕಲಿಸುತ್ತಿದ್ದದ್ದು ಕವಚ ತೊಟ್ಟು ಕಾದಾಡುವ ವಿದ್ಯೆ. ಆಮೇಲೆ ನ್ಯಾಯಾಲಯದಲ್ಲಿ ಕಾದಾಡುವುದನ್ನು ಕಲಿಸಿದರು, ಕಾಸಿಗೆ ಭಾಷಣ ಬರೆದುಕೊಟ್ಟರು. ವಯಸ್ಸಾದ ಮೇಲೆ ಕೈಗೆತ್ತಿಕೊಂಡದ್ದು ಮೂರನೆಯ ಕಸುಬು: ಎದುರಿಗಿರುವವನು ಹೇಳಿದ್ದು ನಿಜವೋ ಸುಳ್ಳೋ ನೋಡದೆ, ಹೇಳಿದ್ದನ್ನೆಲ್ಲ ಕೆಡವುವುದು. ಗ್ರೀಕರು ಇದನ್ನು ಎರಿಸ್ಟಿಕ್ ಎಂದರು. ನಮ್ಮಲ್ಲಿ ವಿತಂಡವಾದ ಎಂದರೆ ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಅರ್ಥವಾಗುತ್ತದೆ.

ಈ ಸಂವಾದವನ್ನು ಪ್ರಹಸನವೆಂದು ಓದಿ ಮುಗಿಸುವವರೇ ಹೆಚ್ಚು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ನಾಯಿಯಲ್ಲ, ಕ್ಲೈನಿಯಸ್ ಎಂಬ ಹುಡುಗ.

ನಡೆಯುವ ಜಾಗ ಲೈಸಿಯಂ. ಅಥೆನ್ಸಿನ ಕೋಟೆಗೋಡೆಯ ಹೊರಗಿದ್ದ ವ್ಯಾಯಾಮಶಾಲೆ ಅದು. ಮುಂದೊಂದು ಕಾಲಕ್ಕೆ ಅರಿಸ್ಟಾಟಲ್ ಪಾಠ ಹೇಳಿದ್ದು ಅಲ್ಲಿಯೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಕ್ರಟೀಸ್ ಒಬ್ಬನೇ ಕೂತಿದ್ದಾನೆ. ಅಣ್ಣತಮ್ಮಂದಿರು ಶಿಷ್ಯರ ಹಿಂಡಿನೊಂದಿಗೆ ಒಳಗೆ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಕ್ಲೈನಿಯಸ್ ಬಂದು ಸಾಕ್ರಟೀಸನ ಪಕ್ಕ ಕೂರುತ್ತಾನೆ. ಒಳ್ಳೆಯ ಮನೆತನದ, ಇನ್ನೂ ಮೀಸೆ ಬಲಿಯದ ಹುಡುಗ. ಇವನಿಗೆ ತಿಳಿವಿನ ಮೇಲೆ, ಒಳ್ಳೆಯತನದ ಮೇಲೆ ಆಸೆ ಹುಟ್ಟುವ ಹಾಗೆ ಮಾತಾಡಿಸಿ ಎಂದು ಸಾಕ್ರಟೀಸ್ ಆ ಇಬ್ಬರನ್ನೂ ಕೇಳಿಕೊಳ್ಳುತ್ತಾನೆ.

ಯೂಥಿಡೀಮಸ್ ಕೇಳುವ ಮೊದಲ ಪ್ರಶ್ನೆ: ಕಲಿಯುವವರು ಯಾರು, ತಿಳಿದವರೋ ತಿಳಿಯದವರೋ? ಹುಡುಗನ ಮುಖ ಕೆಂಪಾಗುತ್ತದೆ. ದಿಕ್ಕು ತೋಚದೆ ಸಾಕ್ರಟೀಸನ ಕಡೆ ನೋಡುತ್ತಾನೆ. ಹೆದರಬೇಡ, ನಿನಗೆ ಅನಿಸಿದ್ದನ್ನು ಹೇಳು ಎಂದು ಸಾಕ್ರಟೀಸ್ ಧೈರ್ಯ ತುಂಬುತ್ತಿರುವಾಗಲೇ ಡಯೊನಿಸೊಡೋರಸ್ ಸಾಕ್ರಟೀಸನ ಕಿವಿಗೆ ಬಾಗಿ, ಬಾಯ್ತುಂಬ ನಗುತ್ತ, ಹುಡುಗ ಯಾವ ಉತ್ತರ ಕೊಟ್ಟರೂ ಬೀಳುವುದು ಖಾತ್ರಿ ಎಂದು ಪಿಸುಗುಟ್ಟುತ್ತಾನೆ. ಹಾಗೆಯೇ ಆಗುತ್ತದೆ. ತಿಳಿದವರು ಎಂದು ಹುಡುಗ ಹೇಳುತ್ತಾನೆ. ಕಲಿಯುವ ಮೊದಲು ವಿಷಯ ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ಕಲಿಯುವವರು ತಿಳಿಯದವರು ಎಂದು ಒಬ್ಬ ಕೆಡವುತ್ತಾನೆ. ಶಿಷ್ಯರು ಹೋ ಎಂದು ನಗುತ್ತಾರೆ. ಹುಡುಗ ಉಸಿರೆಳೆದುಕೊಳ್ಳುವ ಮೊದಲೇ ಇನ್ನೊಬ್ಬ ಎದುರು ದಿಕ್ಕಿನಿಂದ ಬರುತ್ತಾನೆ. ಉಪಾಧ್ಯಾಯರು ಪಾಠ ಹೇಳಿಸುವಾಗ ಬೇಗ ಹಿಡಿದುಕೊಳ್ಳುವವರು ಚುರುಕಿನ ಹುಡುಗರೋ ದಡ್ಡರೋ? ಚುರುಕಿನವರು ತಾನೇ? ಹಾಗಾದರೆ ಕಲಿಯುವವರು ತಿಳಿದವರೇ ಆಯಿತು. ಮತ್ತೆ ನಗು, ಮತ್ತೆ ಚಪ್ಪಾಳೆ.

ಮೂರನೆಯ ಪಟ್ಟು ಬೀಳುವಷ್ಟರಲ್ಲಿ ಸಾಕ್ರಟೀಸ್ ಅಡ್ಡ ಬರುತ್ತಾನೆ. ಹೊಸದನ್ನು ಪಡೆಯುವುದಕ್ಕೂ ಪಡೆದ ತಿಳಿವಳಿಕೆಯಿಂದ ಗ್ರಹಿಸುವುದಕ್ಕೂ ಗ್ರೀಕರು ಒಂದೇ ಮಾತು ಬಳಸುತ್ತಿದ್ದರು, ಇಡೀ ಆಟ ನಿಂತಿರುವುದು ಅದರ ಮೇಲೆ ಎಂದು ಹುಡುಗನಿಗೆ ಬಿಡಿಸಿ ಹೇಳುತ್ತಾನೆ. ಕೂರಲು ಹೊರಟವನ ಹಿಂದಿನಿಂದ ಮಣೆ ಎಳೆದು, ಅವನು ಅಂಗಾತ ಬಿದ್ದಾಗ ನಗುವವರಿರುತ್ತಾರಲ್ಲ, ಇದೂ ಅಂಥದ್ದೇ ಎನ್ನುತ್ತಾನೆ. ಇಂಥವನ್ನು ಎಷ್ಟು ಕಲಿತರೂ ವಸ್ತುಗಳು ಹೇಗಿವೆ ಎಂಬ ಬಗ್ಗೆ ಒಂದು ಗುಲಗಂಜಿಯಷ್ಟೂ ಹೆಚ್ಚು ತಿಳಿದಂತಾಗುವುದಿಲ್ಲ ಎಂಬುದು ಅವನ ಆಕ್ಷೇಪ.

ಅಲ್ಲಿಂದ ಪ್ರಶ್ನೆ ಕೇಳುವ ಸರದಿ ಸಾಕ್ರಟೀಸನದು. ಅವನ ಪ್ರಶ್ನೆಗಳು ಹಾಸ್ಯಾಸ್ಪದ ಎನಿಸುವಷ್ಟು ಸರಳ. ನಾವೆಲ್ಲ ಚೆನ್ನಾಗಿ ಬದುಕಲು ಬಯಸುತ್ತೇವಲ್ಲವೇ? ಅದಕ್ಕೆ ಏನೇನು ಬೇಕು? ಹಣ, ಆರೋಗ್ಯ, ಅಧಿಕಾರ ಎಂದು ಪಟ್ಟಿ ಬೆಳೆಯುತ್ತದೆ. ಬಡಗಿಯ ಬಳಿ ಹತಾರವೂ ಮರವೂ ಬೇಕಾದಷ್ಟಿದ್ದು ಅವನು ಬಳಸದೇ ಇದ್ದರೆ ಏನು ಲಾಭ? ಬಳಸಲು ಬಾರದೆ ಬಳಸಿದರೆ ನಷ್ಟವೇ ಅಲ್ಲವೇ? ಹೀಗೆ ಮಾತು ಸಾಗಿ, ಎಲ್ಲವನ್ನೂ ಸರಿಯಾಗಿ ಬಳಸುವ ತಿಳಿವು ಯಾವುದು ಎಂಬಲ್ಲಿಗೆ ಬರುತ್ತದೆ. ಆ ಹೊತ್ತಿಗೆ ಹುಡುಗನ ಮಾತಿನ ರೀತಿಯೇ ಬದಲಾಗಿರುತ್ತದೆ. ಸೇನಾಪತಿಯ ವಿದ್ಯೆಯೇ ಆ ತಿಳಿವಿರಬಹುದೇ ಎಂದು ಸಾಕ್ರಟೀಸ್ ಕೇಳಿದರೆ, ಕ್ಲೈನಿಯಸ್ ತಾನಾಗಿಯೇ ಬೇಡವೆನ್ನುತ್ತಾನೆ. ಸೇನಾಪತಿ ಬೇಟೆಗಾರ ಮಾತ್ರ. ಹಿಡಿದ ಊರನ್ನು ಏನು ಮಾಡಬೇಕೆಂದು ತಿಳಿಯದೆ ರಾಜಕಾರಣಿಯ ಕೈಗೆ ಕೊಡುತ್ತಾನೆ, ಲಾವಕ್ಕಿ ಹಿಡಿದವನು ಲಾವಕ್ಕಿ ಸಾಕುವವನಿಗೆ ಕೊಡುವ ಹಾಗೆ ಎಂದು ಕಾರಣವನ್ನೂ ಕೊಡುತ್ತಾನೆ. ಈ ಕಥೆಯನ್ನೆಲ್ಲ ಸಾಕ್ರಟೀಸನ ಬಾಯಿಂದ ಕೇಳುತ್ತಿರುವ ಗೆಳೆಯ ಕ್ರಿಟೊ ಇಲ್ಲಿ ತಡೆದು, ಇದನ್ನು ಆ ಹುಡುಗ ಹೇಳಿದನೇ ಎಂದು ನಂಬದೆ ಕೇಳುತ್ತಾನೆ. ಪ್ಲೇಟೊ ಎಂಥ ಕಥೆಗಾರ ಎಂಬುದಕ್ಕೆ ಈ ಒಂದು ತಡೆ ಸಾಕು. ಕೆಲವೇ ಪುಟಗಳ ಹಿಂದೆ ಕೆಂಪು ಮುಖ ಹೊತ್ತು ಮಾತು ಹೊರಡದೆ ಕೂತಿದ್ದ ಹುಡುಗ ಇವನೇ.

ಹಾಗೆಂದು ಸಾಕ್ರಟೀಸನ ವಿಚಾರಣೆ ಗುರಿ ಮುಟ್ಟಿತೇ ಎಂದರೆ, ಇಲ್ಲ. ಕೊನೆಗೆ ದಾರಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಮಾತ್ರ ಪ್ರತಿ ಸುತ್ತಿನಲ್ಲೂ ಗೆದ್ದಿದ್ದಾರೆ.

ಗೆಲ್ಲುವುದನ್ನು ಕಲಿಸುವವರ ಮೇಲೆ ಸುಮ್ಮನೆ ಹರಿಹಾಯುವುದೂ ತಪ್ಪು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಮಾತು ಬಾರದಿದ್ದರೆ ಆಸ್ತಿ ಹೋಗುತ್ತಿತ್ತು, ಕೆಲವೊಮ್ಮೆ ಪ್ರಾಣವೂ ಹೋಗುತ್ತಿತ್ತು. ನಿಮ್ಮ ಪರವಾಗಿ ನಿಂತು ವಾದಿಸಲು ಇಂದಿನಂಥ ವಕೀಲರಿರಲಿಲ್ಲ. ಭಾಷಣವನ್ನು ಬೇರೆಯವರಿಂದ ಬರೆಸಿಕೊಳ್ಳಬಹುದಿತ್ತು, ಆದರೆ ಎದ್ದು ನಿಂತು ಹೇಳಬೇಕಾದವರು ನೀವೇ. ಎದುರಿಗೆ ನೂರಾರು ಜನ ತೀರ್ಪುಗಾರರು, ಪಕ್ಕದಲ್ಲಿ ನೀರು ತೊಟ್ಟಿಕ್ಕುತ್ತ ಹೊತ್ತು ಅಳೆಯುವ ಮಡಕೆ. ಮಡಕೆ ಬರಿದಾದರೆ ಮಾತು ಮುಗಿಯಿತು. ತೀರ್ಪುಗಾರರು ತಮ್ಮೊಳಗೆ ಕೂತು ಚರ್ಚಿಸುವ ಪದ್ಧತಿಯೂ ಇರಲಿಲ್ಲ, ಕೇಳಿದ ಮೇಲೆ ನೇರ ಮತ. ನ್ಯಾಯಾಲಯದಲ್ಲಿ ಬೆಳೆದವರ ಮನಸ್ಸು ಹೇಗಾಗುತ್ತದೆ ಎಂದು ಪ್ಲೇಟೊ ‘ಥಿಯೆಟೀಟಸ್’ನಲ್ಲಿ ಬರೆಯುವಾಗ ಈ ನೀರಿನ ಗಡಿಯಾರವನ್ನು ಮರೆಯುವುದಿಲ್ಲ: ಆತುರ ಅವರಿಗೆ ಅಭ್ಯಾಸವಾಗಿಬಿಡುತ್ತದೆ, ಬಿಡುವಿದ್ದವನು ಮಾತ್ರ ಒಂದು ವಿಷಯ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಬರಬಲ್ಲ.

ಇಂಥ ಊರಿಗೆ, ಕಾಸು ಪಡೆದು ಮಾತಿನ ವಿದ್ಯೆ ಕಲಿಸುವ ಸೋಫಿಸ್ಟರು ಬಂದರು. ಅಬ್ಡೇರಾದ ಪ್ರೊಟಾಗೊರಸ್ ಬಂದ; ಸಿಸಿಲಿಯ ಲಿಯೊಂಟಿನಿಯಿಂದ ಕ್ರಿ.ಪೂ. 427ರಲ್ಲಿ ರಾಯಭಾರಿಯಾಗಿ ಬಂದ ಗೋರ್ಗಿಯಸ್ ತನ್ನ ಮಾತಿನಿಂದ ಅಥೆನ್ಸಿಗೆ ಮೋಡಿ ಹಾಕಿದ. ಯಾವುದೇ ವಿಷಯದ ಮೇಲೂ ಪರಸ್ಪರ ವಿರುದ್ಧವಾದ ಎರಡು ವಾದಗಳಿರುತ್ತವೆ ಎಂಬುದು ಪ್ರೊಟಾಗೊರಸನ ಹೆಸರಿನಲ್ಲಿ ನಿಂತಿರುವ ಮಾತು. ಸೋಲುವ ವಾದವನ್ನು ಗೆಲ್ಲಿಸಿಕೊಡುವವನು ಎಂದು ಜನ ಅವನ ಮೇಲೆ ಸಿಟ್ಟಾದದ್ದೂ ನಿಜ. ನನ್ನ ಮಟ್ಟಿಗೆ ಅವನು ಆ ಅಣ್ಣತಮ್ಮಂದಿರ ಸಾಲಿನವನಲ್ಲ. ಪ್ಲೇಟೊನೇ ಅವನಿಗೆ ಗೌರವದ ಪಾತ್ರ ಕೊಟ್ಟಿದ್ದಾನೆ, ಅವನ ಬಾಯಲ್ಲಿ ಗಟ್ಟಿ ವಿಚಾರಗಳನ್ನೇ ಇಟ್ಟಿದ್ದಾನೆ. ‘ಥಿಯೆಟೀಟಸ್’ನಲ್ಲಂತೂ ಸತ್ತ ಪ್ರೊಟಾಗೊರಸನ ಪರವಾಗಿ ಸಾಕ್ರಟೀಸನೇ ವಾದ ಹೂಡಿ, ಸ್ಪರ್ಧೆಗೆ ನಿಂತು ಮಾತಾಡುವುದೇ ಬೇರೆ, ಕೂಡಿ ವಿಚಾರ ಮಾಡುವುದೇ ಬೇರೆ, ಎರಡನ್ನೂ ಕಲಸಬೇಡ ಎಂದು ತನಗೆ ತಾನೇ ಬೈದುಕೊಳ್ಳುತ್ತಾನೆ. ಈ ವ್ಯತ್ಯಾಸ ಕುರಿತ ಬುದ್ಧಿವಾದವನ್ನು ಪ್ಲೇಟೊ ಒಬ್ಬ ಸೋಫಿಸ್ಟನ ಹೆಸರಿನಲ್ಲಿ ಹೇಳಿಸುತ್ತಾನೆ, ನೋಡಿ.

ವ್ಯತ್ಯಾಸ ಇರುವುದೆಲ್ಲಿ? ಕೈಲಿರುವ ಹತಾರದಲ್ಲಂತೂ ಅಲ್ಲ. ಎರಡು ಕಡೆಯೂ ಅದೇ ಪ್ರಶ್ನೆ, ಅದೇ ಚಿಕ್ಕ ಉತ್ತರ, ಮೊದಲು ಹೇಳಿದ್ದಕ್ಕೂ ಆಮೇಲೆ ಒಪ್ಪಿದ್ದಕ್ಕೂ ತಾಳೆಯಾಗುವುದಿಲ್ಲ ಎಂದು ತೋರಿಸುವ ಅದೇ ಪಟ್ಟು. ‘ಗೋರ್ಗಿಯಸ್’ ಸಂವಾದದಲ್ಲಿ ಸಾಕ್ರಟೀಸ್ ತನ್ನ ಕಡೆಯ ನಿಯಮಗಳನ್ನು ಹೇಳಿಕೊಳ್ಳುತ್ತಾನೆ. ತಾನು ತಪ್ಪು ಹೇಳಿದರೆ ಯಾರಾದರೂ ಕೆಡವಲಿ ಎಂದು ಬಯಸುವವನು ತಾನು. ಕೆಡವುವುದರಲ್ಲಿ ಎಷ್ಟು ಸಂತೋಷವೋ ಕೆಡವಿಸಿಕೊಳ್ಳುವುದರಲ್ಲಿ ಅದಕ್ಕಿಂತ ಕಡಿಮೆಯಿಲ್ಲ, ಏಕೆಂದರೆ ದೊಡ್ಡ ಕೇಡಿನಿಂದ ಬಿಡುಗಡೆಯಾಗುವುದು ತನಗೇ. ಗೋರ್ಗಿಯಸನ ಶಿಷ್ಯ ಪೋಲಸ್, ನಿನ್ನ ಮಾತನ್ನು ಜಗತ್ತಿನಲ್ಲಿ ಯಾರೂ ಒಪ್ಪುವುದಿಲ್ಲ, ಬೇಕಾದರೆ ಇಲ್ಲಿರುವವರನ್ನೇ ಕೇಳು ಎಂದು ಸವಾಲು ಹಾಕಿದಾಗ ಬರುವ ಉತ್ತರ ಇನ್ನೂ ತೀಕ್ಷ್ಣ. ಕೋರ್ಟಿನಲ್ಲಿ ಸಾಕ್ಷಿಗಳ ಸಾಲು ನಿಲ್ಲಿಸಿದ ಹಾಗೆ ಊರಿನವರನ್ನೆಲ್ಲ ಕರೆದರೂ ತನಗೆ ಪ್ರಯೋಜನವಿಲ್ಲ. ತನಗೆ ಬೇಕಾದ ಸಾಕ್ಷಿ ಒಬ್ಬನೇ, ಎದುರಿಗೆ ಕೂತು ಮಾತಾಡುತ್ತಿರುವವನು. ಅವನ ಮತವೊಂದನ್ನೇ ತಾನು ಕೇಳುವುದು, ಉಳಿದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ನಿಯಮಕ್ಕೆ ಅಂಟಿಕೊಂಡು ಇನ್ನೊಂದಿದೆ: ಉತ್ತರ ಕೊಡುವವನು ತಾನು ನಿಜವಾಗಿ ನಂಬಿದ್ದನ್ನೇ ಹೇಳಬೇಕು. ಅಣ್ಣತಮ್ಮಂದಿರಿಗೆ ಇದು ಬೇಡವೇ ಬೇಡ. ಕ್ಲೈನಿಯಸ್ ಏನು ನಂಬುತ್ತಾನೆ ಎಂಬುದು ಅವರ ಆಟಕ್ಕೆ ಸಂಬಂಧವೇ ಇಲ್ಲ. ಅವನ ಹೌದೂ ಇಲ್ಲವೂ ಇಬ್ಬರಿಗೂ ಒಂದೇ ಬೆಲೆಯವು. ಚಪ್ಪಾಳೆ ಹೊಡೆಯುವ ಶಿಷ್ಯರಿಲ್ಲದೆ ಆ ಆಟ ನಡೆಯುವುದೂ ಇಲ್ಲ. ಸಾಕ್ರಟೀಸನದು ಖಾಲಿ ಕೋಣೆಯಲ್ಲೂ ನಡೆದೀತು.

ಇಷ್ಟು ಹೇಳಿ ಮುಗಿಸಿದರೆ ಸಾಕ್ರಟೀಸನ ಪಕ್ಷಪಾತಿಯಾದಂತೆ. ಹೊರಗೆ ನಿಂತು ನೋಡಿದವರಿಗೆ ಈ ಎರಡೂ ಒಂದೇ ತರಹ ಕಂಡವು, ಮತ್ತು ಅವರೆಲ್ಲ ದಡ್ಡರೇನಲ್ಲ. ಕ್ರಿ.ಪೂ. 423ರಲ್ಲಿ ಅರಿಸ್ಟೊಫನೀಸ್ ತನ್ನ ‘ಮೋಡಗಳು’ ನಾಟಕದಲ್ಲಿ ಸೋಲುವ ವಾದವನ್ನು ಗೆಲ್ಲಿಸುವ ಶಾಲೆಯೊಂದನ್ನು ರಂಗಕ್ಕೆ ತಂದಾಗ ಅದರ ಮೇಷ್ಟರನ್ನಾಗಿ ಮಾಡಿದ್ದು ಸಾಕ್ರಟೀಸನನ್ನೇ. ಅಲ್ಲಿ ಕಲಿತು ಬಂದ ಮಗ ಅಪ್ಪನಿಗೆ ಹೊಡೆದು, ಹೊಡೆದದ್ದು ನ್ಯಾಯವೆಂದು ವಾದಿಸಿ ತೋರಿಸುತ್ತಾನೆ. ‘ಯೂಥಿಡೀಮಸ್’ನ ಕೊನೆಯಲ್ಲಿಯೂ ಇಂಥ ಒಬ್ಬ ನೋಡುಗ ಬರುತ್ತಾನೆ. ಹೆಸರಿಲ್ಲ, ಕೋರ್ಟಿಗೆ ಭಾಷಣ ಬರೆಯುವುದರಲ್ಲಿ ಪಳಗಿದವನು ಎಂದಷ್ಟೇ ತಿಳಿಯುತ್ತದೆ. ಲೈಸಿಯಂನಿಂದ ಹೊರಬರುತ್ತ ಅವನು ಕ್ರಿಟೊನಿಗೆ, ನಿನ್ನ ಗೆಳೆಯ ಅಂಥವರ ಕೈಗೆ ತನ್ನನ್ನು ಕೊಟ್ಟುಕೊಂಡದ್ದು ನೋಡಿದ್ದರೆ ನಿನಗೇ ನಾಚಿಕೆಯಾಗುತ್ತಿತ್ತು, ಈ ತತ್ತ್ವಶಾಸ್ತ್ರ ಎಂಬುದೆಲ್ಲ ಕೆಲಸಕ್ಕೆ ಬಾರದ್ದು ಎಂದು ಹೇಳಿ ಹೋಗುತ್ತಾನೆ. ಇವನು ಐಸಾಕ್ರಟೀಸನ ನೆರಳು ಎಂದು ಊಹಿಸುವ ವಿದ್ವಾಂಸರಿದ್ದಾರೆ. ನಿಜ ಜೀವನದ ಐಸಾಕ್ರಟೀಸನಂತೂ ಅಥೆನ್ಸಿನಲ್ಲಿ ತನ್ನದೇ ಶಾಲೆ ನಡೆಸುತ್ತ, ಸಾಕ್ರಟೀಸನ ಬಳಗದವರನ್ನೂ ಸೇರಿಸಿಯೇ ಜಗಳಗಂಟಿ ವಾದಗಾರರು ಎಂದು ಜರೆದ. ಪ್ಲೇಟೊ ಬೇರೆಯವರ ಮೇಲೆ ಎಸೆದ ಬೈಗುಳ ಅವನ ಅಂಗಳಕ್ಕೂ ಬಂದು ಬಿತ್ತು. ವಿಚಾರ ಮಾಡುವವನು ನಾನು, ವಿತಂಡವಾದಿ ನೀನು ಎಂಬುದಕ್ಕಿಂತ ಸುಲಭದ ಮಾತು ಯಾವುದಿದೆ?

ಸಾಕ್ರಟೀಸನ ಕೈಯೂ ಪೂರ್ತಿ ಶುದ್ಧವಲ್ಲ. ‘ರಿಪಬ್ಲಿಕ್’ನ ಮೊದಲ ಭಾಗದಲ್ಲಿ ಥ್ರಸಿಮಾಕಸ್ ಎಂಬ ಸೋಫಿಸ್ಟ್ ಸಿಡಿಮಿಡಿಗೊಂಡು, ನೀನು ಉತ್ತರ ಕೊಡುವುದಿಲ್ಲ, ಬೇರೆಯವರ ಉತ್ತರ ಕೆಡವುತ್ತ ಕೂರುತ್ತೀಯ ಎಂದು ರೇಗುತ್ತಾನೆ. ಅವನ ಬಾಯಿ ಮುಚ್ಚಿಸಲು ಸಾಕ್ರಟೀಸ್ ಹೂಡುವ ವಾದಗಳಲ್ಲಿ ಕೆಲವು ಇಂದಿನ ತರ್ಕದ ವಿದ್ಯಾರ್ಥಿಯ ಮುಂದೆ ಐದು ನಿಮಿಷ ನಿಲ್ಲಲಾರವು. ಅವನ ಹಿಂದೆ ತಿರುಗುತ್ತಿದ್ದ ಬಿಡುವುಳ್ಳ ಶ್ರೀಮಂತರ ಮಕ್ಕಳು ಅವನನ್ನು ಅನುಕರಿಸಿ ಊರ ಹಿರಿಯರನ್ನು ಪ್ರಶ್ನೆ ಕೇಳಿ ಪೇಚಿಗೆ ಸಿಕ್ಕಿಸುತ್ತಿದ್ದರು. ಪೇಚಿಗೆ ಸಿಕ್ಕಿದವರು ಆ ಹುಡುಗರ ಮೇಲಲ್ಲ, ತನ್ನ ಮೇಲೆ ಸಿಟ್ಟಾದರು ಎಂದು ಕ್ರಿ.ಪೂ. 399ರಲ್ಲಿ ನ್ಯಾಯಾಲಯದಲ್ಲಿ ತನ್ನ ಮೇಲೆ ನಡೆದ ವಿಚಾರಣೆಯಲ್ಲಿ ಅವನು ಹೇಳಿದ್ದಾಗಿ ಪ್ಲೇಟೊ ಬರೆಯುತ್ತಾನೆ. ಆ ಹುಡುಗರು ಕಲಿತದ್ದು ವಿಚಾರಣೆಯನ್ನೋ ಗೆಲ್ಲುವ ರುಚಿಯನ್ನೋ ಎಂದು ಕೇಳಿದರೆ, ಎರಡನೆಯದೇ ಇದ್ದೀತು ಎಂದು ನನಗನಿಸುತ್ತದೆ.

ಪ್ಲೇಟೊನಿಗೂ ಹಾಗೆಯೇ ಅನಿಸಿರಬೇಕು. ಇಲ್ಲದಿದ್ದರೆ ‘ರಿಪಬ್ಲಿಕ್’ನಲ್ಲಿ, ಮೂವತ್ತು ವರ್ಷ ತುಂಬುವ ಮೊದಲು ಯಾರಿಗೂ ಈ ಪ್ರಶ್ನೋತ್ತರದ ವಿದ್ಯೆ ಮುಟ್ಟಿಸಬಾರದು ಎಂಬ ಕಟ್ಟಳೆ ಏಕೆ? ಎಳೆಯರು ಇದರ ರುಚಿ ಕಂಡರೆ ನಾಯಿಮರಿಗಳ ಹಾಗೆ ಸಿಕ್ಕಿದವರನ್ನೆಲ್ಲ ಎಳೆದಾಡಿ ಹರಿಯುತ್ತಾರೆ. ಹಲವರನ್ನು ಕೆಡವಿ, ಹಲವರಿಂದ ಕೆಡವಿಸಿಕೊಂಡು, ಕೊನೆಗೆ ಯಾವುದನ್ನೂ ನಂಬದವರಾಗುತ್ತಾರೆ ಎಂಬುದು ಅವನ ಭಯ. ಅದೇ ಪುಸ್ತಕದ ಇನ್ನೊಂದು ಕಡೆ ಹೇಳಿದ್ದು ಇದಕ್ಕಿಂತ ಸೂಕ್ಷ್ಮ. ಬಹಳ ಜನ ಬೇಕೆಂದೇ ವಿತಂಡಕ್ಕಿಳಿಯುವುದಿಲ್ಲ, ಗೊತ್ತಿಲ್ಲದೆ ಅದಕ್ಕೆ ಬೀಳುತ್ತಾರೆ. ಮಾತಿನ ಮೇಲ್ಪದರವನ್ನಷ್ಟೇ ಬೆನ್ನಟ್ಟುತ್ತ, ತಾವು ವಿಚಾರ ಮಾಡುತ್ತಿದ್ದೇವೆ ಎಂದೇ ತಿಳಿದಿರುತ್ತಾರೆ.

ತಾನೂ ಬೀಳಬಹುದು ಎಂದು ಸಾಕ್ರಟೀಸ್ ಎಚ್ಚರವಾಗಿದ್ದದ್ದಕ್ಕೆ ಒಂದೇ ಒಂದು ಪುರಾವೆ ಕೇಳಿದರೆ ನಾನು ‘ಫೀಡೊ’ ತೆಗೆಯುತ್ತೇನೆ. ಸೆರೆಮನೆ, ಮರಣದಂಡನೆಯ ದಿನ. ಆತ್ಮಕ್ಕೆ ಸಾವಿಲ್ಲ ಎಂಬ ವಾದಕ್ಕೆ ಸಿಮಿಯಸ್ ಮತ್ತು ಸೀಬಿಸ್ ಎಂಬ ಇಬ್ಬರು ಗೆಳೆಯರು ಬಲವಾದ ಆಕ್ಷೇಪ ಎತ್ತಿದ್ದಾರೆ, ಉಳಿದವರಿಗೆ ಕಳವಳ ಶುರುವಾಗಿದೆ. ಸಾಕ್ರಟೀಸ್ ಉತ್ತರ ಹೇಳುವುದಕ್ಕೆ ಮುಂಚೆ ಒಂದು ಎಚ್ಚರಿಕೆ ಕೊಡುತ್ತಾನೆ. ಈ ಹೊತ್ತಿನಲ್ಲಿ ತಾನು ಗೆಲ್ಲಲು ಹಟ ಹಿಡಿದ ಅವಿವೇಕಿಯ ಹಾಗೆ ವಾದಿಸುವ ಅಪಾಯವಿದೆ. ಸಾಯಲು ಹೊರಟಿರುವ ತನಗೆ ಈ ವಾದ ಗೆದ್ದರೆ ಲಾಭವಿದೆಯಲ್ಲ. ಆದ್ದರಿಂದ ಸಾಕ್ರಟೀಸನಿಗೆ ಬೆಲೆ ಕೊಡಬೇಡಿ, ಸತ್ಯಕ್ಕೆ ಕೊಡಿ, ತಪ್ಪು ಕಂಡರೆ ಎದುರಿಸಿ ಎನ್ನುತ್ತಾನೆ. ಎದುರಾಳಿಯ ಉದ್ದೇಶವನ್ನು ಶಂಕಿಸುವವರು ಬೇಕಾದಷ್ಟಿದ್ದಾರೆ. ತನ್ನ ಉದ್ದೇಶವನ್ನೇ, ಅದೂ ಅಂಥ ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ ಶಂಕೆಗೆ ಒಡ್ಡಿದವರು ಅಪರೂಪ.

ಅರಿಸ್ಟಾಟಲ್ ಇದನ್ನೆಲ್ಲ ತಣ್ಣಗೆ ಕೂತು ಪಟ್ಟಿ ಮಾಡಿದ. ಅಣ್ಣತಮ್ಮಂದಿರ ಬಗೆಯ ಮೋಸಗಳನ್ನು ಹದಿಮೂರು ಜಾತಿಗಳಾಗಿ ವಿಂಗಡಿಸಿದ. ಆರು ಭಾಷೆಯಿಂದ ಹುಟ್ಟುವಂಥವು, ಏಳು ಬೇರೆ ಕಾರಣದವು. ನಮ್ಮ ನ್ಯಾಯಸೂತ್ರಕಾರರೂ ಸತ್ಯ ಹುಡುಕುವ ವಾದ, ಗೆಲ್ಲಲೆಂದೇ ಮಾಡುವ ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಖಂಡಿಸುವ ವಿತಂಡ ಎಂದು ಮೂರು ಬಗೆ ಮಾಡಿದ್ದು ಇಂಥದೇ ಅಗತ್ಯದಿಂದ ಇರಬೇಕು. ಅರಿಸ್ಟಾಟಲನ ‘ಟಾಪಿಕ್ಸ್’ನ ಕೊನೆಯ ಭಾಗದಲ್ಲಿ ಎರಡು ಮಾತು ನನಗೆ ಹಿಡಿಸಿದವು. ವಾದವೆಂಬುದು ಇಬ್ಬರೂ ಸೇರಿ ಮಾಡುವ ಕೆಲಸ, ಅದಕ್ಕೆ ಅಡ್ಡಗಾಲು ಹಾಕುವವನು ಕೆಟ್ಟ ಪಾಲುದಾರ ಎಂಬುದು ಒಂದು. ದಾರಿಯಲ್ಲಿ ಸಿಕ್ಕ ಎಲ್ಲರೊಂದಿಗೂ ವಾದಕ್ಕೆ ನಿಲ್ಲಬೇಡ, ಕೆಲವರೊಡನೆ ಮಾತಿಗಿಳಿದರೆ ವಾದ ಕೆಡುವುದು ಖಂಡಿತ ಎಂಬುದು ಇನ್ನೊಂದು. ಎರಡನೆಯದರಲ್ಲಿ ಅನುಭವದ ವಾಸನೆಯಿದೆ.

ಸಾಕ್ರಟೀಸ್ ಈ ಎರಡನೆಯ ಮಾತನ್ನು ಪಾಲಿಸಿದವನಲ್ಲ. ‘ಗೋರ್ಗಿಯಸ್’ನಲ್ಲಿ ಗುರುವನ್ನೂ ಪೋಲಸನನ್ನೂ ಮಣಿಸಿದ ಮೇಲೆ ಅವನಿಗೆ ಎದುರಾಗುವವನು ಕ್ಯಾಲಿಕ್ಲೀಸ್. ಬಲಶಾಲಿಗೆ ಹೆಚ್ಚು ಸಿಗುವುದೇ ಪ್ರಕೃತಿಯ ನ್ಯಾಯ, ಕಾನೂನೆಂಬುದು ದುರ್ಬಲರು ಕಟ್ಟಿಕೊಂಡ ಬೇಲಿ ಎನ್ನುವ ನೇರ ಮಾತಿನ ಮನುಷ್ಯ. ಸಾಕ್ರಟೀಸನಿಗೆ ಆರಂಭದಲ್ಲಿ ಅವನು ಸಿಕ್ಕಿದ್ದೇ ಭಾಗ್ಯ. ಮುಚ್ಚುಮರೆಯಿಲ್ಲದವನು, ಇವನು ಒಪ್ಪಿದರೆ ಅದು ನಿಜವಾದ ಒಪ್ಪಿಗೆ ಎಂದು ಹಿಗ್ಗುತ್ತಾನೆ. ಅರ್ಧ ದಾರಿಯಲ್ಲಿ ಕ್ಯಾಲಿಕ್ಲೀಸ್ ಬೇಸತ್ತು, ನಿನಗೇ ನೀನು ಉತ್ತರ ಹೇಳಿಕೋ ಎಂದುಬಿಡುತ್ತಾನೆ. ಗೋರ್ಗಿಯಸನ ಮುಖ ನೋಡಿ ಮತ್ತೆ ಹೌದು ಹೌದು ಎಂದರೂ ಅದು ಬಾಯಿಮಾತು. ಸಾಕ್ರಟೀಸ್ ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಕೊಟ್ಟುಕೊಂಡು, ಕೊನೆಗೆ ಸತ್ತ ಮೇಲಿನ ನ್ಯಾಯತೀರ್ಮಾನದ ಕಥೆಯೊಂದನ್ನು ಹೇಳಿ ಮುಗಿಸುತ್ತಾನೆ. ಸಂವಾದ ಅಲ್ಲಿಗೆ ನಿಲ್ಲುತ್ತದೆ. ಬರೆದವನು ಪ್ಲೇಟೊ, ಪೋಲಸನನ್ನು ಮಣಿಸಿದ ಲೇಖನಿಗೆ ಕ್ಯಾಲಿಕ್ಲೀಸನಿಂದ ಒಂದು ಸಾಲಿನ ಒಪ್ಪಿಗೆ ಬರೆಸುವುದು ಕಷ್ಟವಿರಲಿಲ್ಲ. ಅವನು ಬರೆಯಲಿಲ್ಲ. ಬೇಕಾಗಿದ್ದ ಒಬ್ಬನೇ ಸಾಕ್ಷಿ ಸಾಕ್ರಟೀಸನಿಗೆ ಸಿಗಲಿಲ್ಲ.